ಪುಟ್ಟ ಸಿಎನ್‌ಸಿಯಲ್ಲಿ ಉದ್ದನೆಯ ಹಲಗೆ ಕೊರೆಯುವುದು ಹೇಗೆ

ನನ್ನ ಹತ್ತಿರ ಇರುವುದು 3018 ಅನ್ನುವ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಮಷಿನ್. ಹೆಸರಲ್ಲೇ ಅಳತೆ ಇದೆ: 30 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಉದ್ದ. ಅದಕ್ಕಿಂತ ಒಂದಿಂಚು ಆಚೆ ಹೋಗು ಅಂದರೂ ಹೋಗಲ್ಲ. ಮನೆಗೆ 'ಬೃಂದಾವನ' ಅಂತ ಎರಡು ಅಡಿ ಉದ್ದದ ಹೆಸರಿನ ಬೋರ್ಡ್ ಮಾಡಲು ಹೊರಟಾಗ ಈ ಸಂಕಟ ಶುರುವಾಯಿತು.

ಮೊದಲ ಸಲ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಒಂದಷ್ಟು ಕೊರೆದೆ, ಟೇಪ್ ಹಿಡಿದು ಪೆನ್ಸಿಲ್ ಗುರುತು ಹಾಕಿದೆ, ಹಲಗೆ ಜರುಗಿಸಿ ಮುಂದಿನಷ್ಟು ಕೊರೆದೆ, ಹೀಗೇ ಕೊನೆಯವರೆಗೆ. ಗುರುತು ಸರಿಯಾಗೇ ಇತ್ತು. ಆದರೆ 'ವ' ಅಕ್ಷರದ ಹೊಟ್ಟೆಯಲ್ಲಿ ಒಂದು ಮಿಲಿಮೀಟರ್ ಮೆಟ್ಟಿಲು ಬಂತು. ಒಂದು ಮಿಲಿಮೀಟರ್ ಏನು ಮಹಾ ಅಂದುಕೊಂಡು ಪಾಲಿಶ್ ಹೊಡೆದು ಗೋಡೆಗೆ ಹಾಕಿದೆ. ಮನೆಗೆ ಬಂದ ಅತ್ತೆ ಚಪ್ಪಲಿ ಬಿಡುತ್ತಾ ಕೇಳಿದ್ದು ಒಂದೇ ಮಾತು: "ವ ಯಾಕೋ ಮುರಿದಿದೆ?" ಕಣ್ಣಿಗೆ ಒಂದು ಮಿಲಿಮೀಟರ್ ಜಾಸ್ತಿನೇ.

ಆಮೇಲೆ ಎರಡು ಮೂರು ಹಲಗೆ ಹಾಳು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಳತೆಗಳೆಲ್ಲ 3018ಕ್ಕೆ ಹೊಂದುವಂಥವು. ನಿಮ್ಮ ಮಷಿನ್ ಬೇರೆಯಾದರೆ ಅಂಕಿ ಬದಲಿಸಿಕೊಳ್ಳಿ, ಉಪಾಯ ಅದೇ.

ಮೊದಲು: ಜರುಗಿಸಲೇಬೇಕಾ?

ಮೂರು ಕಡೆ ಇದರಿಂದ ತಪ್ಪಿಸಿಕೊಳ್ಳಬಹುದು.

ಒಂದು, ತುಂಡು ತುಂಡಾಗಿ ಕೊರೆದು ಆಮೇಲೆ ಅಂಟಿಸುವುದು. ಡಬ್ಬ, ಸ್ಟ್ಯಾಂಡ್, ಸ್ಪೀಕರ್ ಪೆಟ್ಟಿಗೆ ಇಂಥವಕ್ಕೆ ಇದೇ ಸರಿ. ಒಂದೇ ಹಲಗೆ ಬೇಕು ಅನ್ನುವ ಹಟ ಎಷ್ಟೋ ಸಲ ಸುಮ್ನೆ ಹಟ ಅಷ್ಟೇ.

ಎರಡು, ಓರೆಯಾಗಿ ಇಡುವುದು. 300ಕ್ಕೆ 180ರ ಆಯತದ ಕರ್ಣ ಸುಮಾರು 350 ಮಿಲಿಮೀಟರ್. ಹಾಗಾಗಿ 310 ಮಿಮೀ ಉದ್ದ, 25 ಮಿಮೀ ಅಗಲದ ಪಟ್ಟಿಯನ್ನು 28 ಡಿಗ್ರಿ ತಿರುಗಿಸಿ ಇಟ್ಟರೆ, 3 ಮಿಮೀ ಬಿಟ್ (ಕೊರೆಯುವ ಮೊನೆ) ಸುತ್ತ ಓಡಾಡುವ ಜಾಗವೂ ಸೇರಿ, ಸುಮಾರು 290ಕ್ಕೆ 172ರ ಒಳಗೆ ಕೂರುತ್ತದೆ. ಡ್ರಾಯಿಂಗನ್ನೂ ಅಷ್ಟೇ ಡಿಗ್ರಿ ತಿರುಗಿಸಿದರೆ ಮುಗಿಯಿತು. ಸ್ಕೇಲು, ಹಿಡಿಕೆ, ಪಟ್ಟಿಗಳಿಗೆ ಇದು ಸಾಕು.

ಮೂರು, ದೊಡ್ಡ ಮಷಿನ್ ಇರುವವರಿಗೆ ಕೊಡುವುದು. ಬೆಂಗಳೂರಲ್ಲಿದ್ದರೆ ಪೀಣ್ಯದ ಕಡೆ ವಿಚಾರಿಸಿ. 8×4 ಅಡಿಯ ಇಡೀ ಪ್ಲೈವುಡ್ ಶೀಟನ್ನೇ ಮಲಗಿಸುವ ರೌಟರ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರಿದ್ದಾರೆ. ಹತ್ತು ಬೋರ್ಡ್ ಬೇಕಾದರೆ ನಾನೂ ಅಲ್ಲಿಗೇ ಹೋಗುತ್ತೇನೆ. ಒಂದೇ ಒಂದು ಬೇಕು, ಅದೂ ನಮ್ಮ ಕೈಯಿಂದಲೇ ಆಗಬೇಕು ಅನ್ನುವವರು ಮುಂದೆ ಓದಿ.

ಟೇಪ್ ಯಾಕೆ ಕೈ ಕೊಡುತ್ತದೆ

ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು. ಸ್ವಲ್ಪ ನಿಧಾನವಾಗಿ ನೋಡೋಣ.

ನಿಮ್ಮ ಮಷಿನ್‌ಗೆ 150 ಮಿಮೀ ಹೋಗು ಅಂದಿರಿ ಅಂದುಕೊಳ್ಳಿ. ಅದು ನಿಜವಾಗಿ ಹೋಗುವುದು 149.4. ಸ್ಕ್ರೂನಲ್ಲಿ, ಸೆಟ್ಟಿಂಗ್‌ನಲ್ಲಿ ಎಲ್ಲೋ ಒಂಚೂರು ವ್ಯತ್ಯಾಸ. ಕಡಿಮೆ ಬೆಲೆಯ ಮಷಿನ್‌ನಲ್ಲಿ ಇದೇನೂ ಅಪರೂಪವಲ್ಲ. ಒಂದೇ ಸಲಕ್ಕೆ ಮುಗಿಯುವ ಕೆಲಸದಲ್ಲಿ ಇದು ಯಾರಿಗೂ ಗೊತ್ತಾಗಲ್ಲ. ಆದರೆ ನೀವು ಟೇಪ್ ಹಿಡಿದು ಹಲಗೆಯನ್ನು ನಿಖರವಾಗಿ 150 ಜರುಗಿಸಿದರೆ? ಟೇಪಿನ 150 ಬೇರೆ, ಮಷಿನ್ನಿನ 150 ಬೇರೆ. ಪ್ರತಿ ಸೇರುವೆಯಲ್ಲೂ 0.6 ಮಿಮೀ ಸಂದು. ನೀವು ಎಷ್ಟು ಸರಿಯಾಗಿ ಅಳೆದಿರೋ ಅಷ್ಟೂ ಸರಿಯಾಗಿ ತಪ್ಪಿದಿರಿ!

ಹಲಗೆ ಎಷ್ಟು ಜರುಗಬೇಕು ಅನ್ನುವುದನ್ನೂ ಮಷಿನ್ ಕೈಯಲ್ಲೇ ಹೇಳಿಸಬೇಕು. ಮಷಿನ್ನೇ ಹಲಗೆಯಲ್ಲಿ 150 ದೂರಕ್ಕೆ ಎರಡು ತೂತು ಕೊರೆಯಲಿ. ಮುಂದಿನ ತೂತು ಹಿಂದಿನ ತೂತಿನ ಜಾಗಕ್ಕೆ ಬರುವ ಹಾಗೆ ಹಲಗೆ ಎಳೆಯಿರಿ. ಆಗ ಕೊರೆತವೂ 149.4, ಜರುಗುವುದೂ 149.4. ಸೇರುವೆ ಕೂಡಿಕೊಳ್ಳುತ್ತದೆ. 600ರ ಬೋರ್ಡ್ 597.6 ಆಗುತ್ತದೆ ನಿಜ. ಅದನ್ನು ಯಾವ ಅತ್ತೆಯೂ ಕಂಡುಹಿಡಿಯಲಾರರು.

ಇನ್ನೊಂದು ಲಾಭವೂ ಇದೆ. ಮಷಿನ್ನಿನ ಎಕ್ಸ್ (ಎಡ ಬಲದ ಓಡಾಟ) ಮತ್ತು ವೈ (ಹಿಂದೆ ಮುಂದಿನ ಓಡಾಟ) ಒಂದಕ್ಕೊಂದು ಸರಿಯಾಗಿ 90 ಡಿಗ್ರಿ ಇಲ್ಲದಿದ್ದರೂ ಈ ಉಪಾಯ ಕೆಲಸ ಮಾಡುತ್ತದೆ. ಮಷಿನ್ನಿನ ವೈ ಎತ್ತ ವಾಲಿದೆಯೋ ತೂತುಗಳ ಸಾಲೂ ಅತ್ತಲೇ ವಾಲಿರುತ್ತದೆ, ಹಲಗೆಯೂ ಅತ್ತಲೇ ಜರುಗುತ್ತದೆ. ಹಲಗೆಯ ಅಂಚಿಗೆ ಒಂದು ಪಟ್ಟಿ ಒತ್ತಿಟ್ಟು, ಅದರ ಗುಂಟ ಜಾರಿಸುವವರಿಗೆ ಈ ಅನುಕೂಲ ಇಲ್ಲ. ಪಟ್ಟಿ 300 ಮಿಮೀ ಉದ್ದಕ್ಕೆ ಒಂದು ಮಿಮೀ ಓರೆ ಇದ್ದರೆ, 150ರ ಪ್ರತಿ ಜರುಗಾಟಕ್ಕೂ ಅರ್ಧ ಮಿಮೀ ಮೆಟ್ಟಿಲು ಬರುತ್ತದೆ. ಪಟ್ಟಿಯೇ ಬೇಕು ಅನ್ನುವವರು ಅದರ ಅಂಚನ್ನು ಅದೇ ಮಷಿನ್ನಿನಲ್ಲಿ ಒಮ್ಮೆ ಸವರಿಕೊಳ್ಳಲಿ.

ಇದೇ ಕಾರಣಕ್ಕೆ ಹಲಗೆಯನ್ನು 180 ಡಿಗ್ರಿ ಸುತ್ತಿಸಿ ಇನ್ನರ್ಧ ಕೊರೆಯುವುದೂ ನಡೆಯುತ್ತದೆ. ಹಿಂದುಗಡೆ ಮುಚ್ಚಿರುವ ಮಷಿನ್ ಇದ್ದರೆ ಅದೇ ದಾರಿ. ಹಲಗೆಯನ್ನು ಜಾಗಕ್ಕೆ ಹಿಡಿಯುವ ಪಿನ್ನಿನ ತೂತುಗಳು ನಡುಬಿಂದುವಿಗೆ ಸರಿಸಮವಾಗಿರಬೇಕು ಅಷ್ಟೇ. ಆದರೆ 90 ಡಿಗ್ರಿ ಮಾತ್ರ ತಿರುಗಿಸಬೇಡಿ. ಎಕ್ಸ್‌ನ ತಪ್ಪು ಬೇರೆ, ವೈನ ತಪ್ಪು ಬೇರೆ. ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ.

ಲೆಕ್ಕ ಹಾಕಿಕೊಳ್ಳುವುದು

3018ರಲ್ಲಿ ಬೆಡ್ (ಹಲಗೆ ಕೂರುವ ತಟ್ಟೆ) ಹಿಂದೆ ಮುಂದೆ ಓಡುತ್ತದೆ, ಅದು ವೈ. ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್) ಎಡಕ್ಕೆ ಬಲಕ್ಕೆ ಓಡುತ್ತದೆ, ಅದು ಎಕ್ಸ್. ಎರಡೂ ಪಕ್ಕಕ್ಕೆ ಕಂಬಗಳಿವೆ, ಹಿಂದೆ ಮುಂದೆ ಖಾಲಿ. ಆದ್ದರಿಂದ ಉದ್ದನೆಯ ಹಲಗೆ ಹೋಗುವ ದಾರಿ ವೈ ಒಂದೇ. ಬೋರ್ಡಿನ ಬರಹ ವೈ ಗುಂಟ ಓಡುವಂತೆ ಡ್ರಾಯಿಂಗನ್ನು 90 ಡಿಗ್ರಿ ತಿರುಗಿಸಿ ಶುರು ಮಾಡಿ. ಕೆಲವು ಮಷಿನ್‌ಗಳಲ್ಲಿ ಹಿಂದುಗಡೆ ಕಂಟ್ರೋಲ್ ಬೋರ್ಡ್ ಅಥವಾ ವೈರ್ ಅಡ್ಡ ಬರುತ್ತದೆ. ಮೊದಲೇ ಬಿಚ್ಚಿ ಪಕ್ಕಕ್ಕೆ ಕಟ್ಟಿಕೊಳ್ಳಿ.

ನನ್ನ ಬೋರ್ಡಿನ ಲೆಕ್ಕ ಹೀಗಿತ್ತು. ಕೊರೆತದ ಜಾಗ 600 ಉದ್ದ, 200 ಅಗಲ. ಹಲಗೆ 660 ಉದ್ದ, 250 ಅಗಲ, 12 ದಪ್ಪ. ಎರಡೂ ಪಕ್ಕಕ್ಕೆ 25 ಮಿಮೀ ಅಂಚು ಜಾಸ್ತಿ ಬಿಟ್ಟಿದ್ದೆ, ಪಿನ್ನು ಮತ್ತು ಕ್ಲಾಂಪ್ ಕೂರುವುದು ಅಲ್ಲಿ. ಕೊನೆಗೆ ಆ ಅಂಚು ಕತ್ತರಿಸಿ ಹೋಗುತ್ತದೆ. ಮರ ಉಳಿಸಲು ಹೋಗಿ ಈ ಅಂಚು ಬಿಡದಿದ್ದರೆ ಪಿನ್ನಿಗೆ ಜಾಗವೇ ಇರಲ್ಲ.

ಹಲಗೆಯ ಎಡ ಮುಂದಿನ ಮೂಲೆ ಸೊನ್ನೆ, ಅಳತೆಯೆಲ್ಲ ಅಲ್ಲಿಂದ. ವೈ ಓಡಾಟ 180. ಅದರಲ್ಲಿ ಮುಂದೆ 15, ಹಿಂದೆ 15 ಬಿಟ್ಟರೆ ಉಳಿಯುವುದು 150. ಅಂದರೆ ಒಂದು ಕಂತಿಗೆ 150, ನಾಲ್ಕು ಕಂತಿಗೆ 600.

ಬೆಡ್ ಮೇಲೆ, ಕೊರೆದು ಹಾಳಾಗಲೆಂದೇ, 12 ಮಿಮೀ ಎಂಡಿಎಫ್ ವೇಸ್ಟ್ ಬೋರ್ಡ್ ಸ್ಕ್ರೂ ಹಾಕಿ ಕೂರಿಸಿ. ಅದು ಅಲುಗಬಾರದು. ಪಿನ್ನು ನಿಲ್ಲುವುದು ಅದರಲ್ಲೇ. ಪಿನ್ನಿನ ಜಾಗ ಎರಡು: ಎಕ್ಸ್ 12, ವೈ 15 ಮತ್ತು ಎಕ್ಸ್ 238, ವೈ 15. ಎರಡಕ್ಕೂ ನಡುವೆ 226 ಮಿಮೀ.

ಎರಡು ಪಿನ್ನನ್ನು ಒಂದೇ ಅಂಚಿನಲ್ಲಿ, ಉದ್ದಕ್ಕೆ ಯಾಕೆ ಹಾಕಬಾರದು ಅಂತ ನಾನೂ ತಲೆ ಕೆರೆದುಕೊಂಡಿದ್ದೆ. ಕಾಗದದ ಮೇಲೆ ಗೀಚಿದಾಗ ಉತ್ತರ ಸಿಕ್ಕಿತು. ಮೊದಲ ಕಂತಿನಲ್ಲಿ ಮಷಿನ್ ಮುಟ್ಟಲಾಗುವ ಜಾಗ 180ರವರೆಗೆ. ಹಲಗೆಯನ್ನು 150 ಎಳೆದ ಮೇಲೆ ಆ ಜಾಗದಲ್ಲಿ ಬೆಡ್ ಮೇಲೆ ಉಳಿಯುವುದು ಬರೀ 30 ಮಿಮೀ. ಎರಡೂ ಪಿನ್ನು ಆ 30ರ ಒಳಗೇ ಕೂರಬೇಕು. ಉದ್ದಕ್ಕೆ ಹಾಕಿದರೆ ಪಿನ್ನುಗಳು ತೀರಾ ಹತ್ತಿರ ಬಂದು ಹಲಗೆ ಓಲಾಡುತ್ತದೆ. ಅಡ್ಡಕ್ಕೆ ಹಾಕಿದರೆ 226 ಮಿಮೀ ದೂರ ಸಿಗುತ್ತದೆ.

ಪಿನ್ನಿಗೆ 6 ಮಿಮೀ ದಪ್ಪ, 16 ಮಿಮೀ ಉದ್ದದ ಸ್ಟೀಲ್ ಡೋವೆಲ್ ಪಿನ್ ತೆಗೆದುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಮೊಳೆ, ಬೋಲ್ಟ್ ಬೇಡ, ಅವು ದುಂಡಗಿರಲ್ಲ. 7 ಮಿಮೀ ವೇಸ್ಟ್ ಬೋರ್ಡ್ ಒಳಗೆ, 9 ಮಿಮೀ ಹಲಗೆ ಒಳಗೆ ಕೂರುತ್ತದೆ. ಹಲಗೆಯ ಮೇಲ್ಮೈಗಿಂತ 3 ಮಿಮೀ ಕೆಳಗೆ ಇರುವುದರಿಂದ ಬಿಟ್‌ಗೆ ಸಿಕ್ಕುವ ಭಯ ಇಲ್ಲ.

ಡ್ರಾಯಿಂಗ್ ಎಲ್ಲಿ ಒಡೆಯಬೇಕು

ಈ ವಿಷಯದಲ್ಲಿ ಕನ್ನಡ ನಮ್ಮ ಪರ. ದೇವನಾಗರಿಯಲ್ಲಿ ಬೋರ್ಡ್ ಬರೆದರೆ ಮೇಲಿನ ಗೆರೆ ಪದದುದ್ದಕ್ಕೂ ಓಡುತ್ತದೆ. ಎಲ್ಲಿ ಒಡೆದರೂ ಅದು ತುಂಡಾಗಲೇಬೇಕು. ಕನ್ನಡದಲ್ಲಿ ಪ್ರತಿ ಅಕ್ಷರದ ತಲಕಟ್ಟು ಆಯಾ ಅಕ್ಷರಕ್ಕೇ ಮುಗಿಯುತ್ತದೆ. ಅಕ್ಷರ ಅಕ್ಷರದ ನಡುವೆ ಸಂದು ಇದ್ದೇ ಇದೆ. ಸೇರುವೆಯನ್ನು ಆ ಸಂದಿಗೆ ತಳ್ಳಿದರೆ ಆಯಿತು.

ಒತ್ತಕ್ಷರ, ವಟ್ರಸುಳಿ ಇಂಥವು ಮಾತ್ರ ತುಂಟ. 'ಬೃ'ವಿನ ಬಾಲ ಪಕ್ಕದ ಸೊನ್ನೆಯ ಕೆಳಗೆ ನುಗ್ಗಿ ಕೂತಿರುತ್ತದೆ. ನೆಟ್ಟಗೆ ಗೆರೆ ಎಳೆದು ಒಡೆದರೆ ಬಾಲ ಕತ್ತರಿಸುತ್ತದೆ. ಆದರೆ ನೆಟ್ಟಗೆ ಒಡೆಯಬೇಕು ಅಂತ ಯಾರು ಹೇಳಿದ್ದು? ಇಡೀ ಅಕ್ಷರವನ್ನೇ ಒಂದು ಕಂತಿಗೆ ಹಂಚಿ. ಕಂತಿನ ಗೆರೆಯಿಂದ ಅಕ್ಷರ ಹತ್ತು ಹನ್ನೆರಡು ಮಿಮೀ ಆಚೆ ಚಾಚಿದರೂ ತೊಂದರೆ ಇಲ್ಲ. ಹಿಂದೆ ಮುಂದೆ 15 ಬಿಟ್ಟಿದ್ದೀವಲ್ಲ, ಅದು ಇದಕ್ಕೂ ಬಳಕೆಗೆ ಬರುತ್ತದೆ. ನಾನು ಎರಡನೇ ಸಲ ಮಾಡಿದಾಗ ಮೊದಲ ಕಂತಿಗೆ 'ಬೃಂ', ಎರಡಕ್ಕೆ 'ದಾ', ಮೂರಕ್ಕೆ 'ವ', ನಾಲ್ಕಕ್ಕೆ 'ನ' ಕೊಟ್ಟೆ. ಒಂದು ಅಕ್ಷರವೂ ಒಡೆಯಲಿಲ್ಲ.

ಉಳಿಯುವುದು ಸುತ್ತಲಿನ ಬಾರ್ಡರ್ ಗೆರೆ. ಅದು ಸೇರುವೆ ದಾಟಲೇಬೇಕು. ಅಲ್ಲಿ ಎರಡೂ ಕಂತಿನ ಗೆರೆಗಳು ಒಂದರ ಮೇಲೊಂದು ಎರಡು ಮಿಮೀ ಹಾಯುವಂತೆ ಬಿಡಿ, ಇಲ್ಲದಿದ್ದರೆ ನಡುವೆ ಕೂದಲೆಳೆಯಷ್ಟು ಮರ ಕೊರೆಯದೆ ಉಳಿದು ಎದ್ದು ಕಾಣುತ್ತದೆ. ನನಗೆ ಇನ್ನೂ ಇಷ್ಟವಾದ ಉಪಾಯ ಅಂದರೆ ಪ್ರತಿ ಸೇರುವೆಯ ಜಾಗದಲ್ಲಿ ಗೆರೆ ನಿಲ್ಲಿಸಿ ಒಂದು ಪುಟ್ಟ ಹೂವು ಇಡುವುದು. ನೋಡಿದವರು ಡಿಸೈನ್ ಚೆನ್ನಾಗಿದೆ ಅನ್ನುತ್ತಾರೆ.

ವೆಕ್ಟ್ರಿಕ್‌ನ ವಿಕಾರ್ವ್ ಸಾಫ್ಟ್‌ವೇರ್ ಇದ್ದವರಿಗೆ ಟೈಲಿಂಗ್ ಅಂತ ಒಂದು ಸೌಲಭ್ಯ ಒಳಗೇ ಇದೆ, ಅದೇ ಕಂತು ಮಾಡಿಕೊಡುತ್ತದೆ. ಆದರೆ ಅದು ನೆಟ್ಟಗೆ ಒಡೆಯುತ್ತದೆ. ಹೆಸರಿನ ಬೋರ್ಡ್‌ಗೆ ಕೈಯಲ್ಲಿ ಹಂಚುವುದೇ ವಾಸಿ. ಇಡೀ ಬೋರ್ಡನ್ನು ಒಂದೇ ಡ್ರಾಯಿಂಗ್ ಆಗಿ ಇಟ್ಟುಕೊಳ್ಳಿ, ಆಯಾ ಕಂತಿನ ಅಕ್ಷರಗಳನ್ನು ಮಾತ್ರ ಆರಿಸಿ ನಾಲ್ಕು ಫೈಲ್ ಮಾಡಿ. ಡ್ರಾಯಿಂಗನ್ನು ಜರುಗಿಸಬೇಡಿ. ಸೊನ್ನೆ ಎಲ್ಲದಕ್ಕೂ ಹಲಗೆಯ ಮೂಲೆಯೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ತೂತಿನ ಸುತ್ತು

ಕೊರೆತ ಶುರು ಮಾಡುವ ಮೊದಲು ಎಲ್ಲ ತೂತುಗಳನ್ನೂ ಮುಗಿಸಿಕೊಳ್ಳಿ. ಪ್ರತಿ ಕಂತಿನಲ್ಲೂ ತೂತಿಗೊಂದು ಬಿಟ್, ಅಕ್ಷರಕ್ಕೊಂದು ಬಿಟ್ ಅಂತ ಬದಲಿಸುತ್ತಾ ಕೂತರೆ ಎತ್ತರ ಕೆಡುವುದು ಗ್ಯಾರಂಟಿ.

ಕೊಲೆಟ್‌ಗೆ (ಬಿಟ್ ಹಿಡಿಯುವ ಬಾಯಿ) 3.175 ಮಿಮೀ ಎಂಡ್ ಮಿಲ್ (ಚಪ್ಪಟೆ ತುದಿಯ ಬಿಟ್) ಹಾಕಿ, ಕತ್ತರಿಸುವ ಭಾಗ 22 ಮಿಮೀ ಉದ್ದ ಇರುವಂಥದ್ದು. ಬೇರೊಂದು ತುಂಡಿನಲ್ಲಿ 6.00, 6.05, 6.10, 6.15 ಅಂತ ನಾಲ್ಕು ತೂತು ಕೊರೆದು ಪಿನ್ ಹಾಕಿ ನೋಡಿ. ಬೆರಳಲ್ಲಿ ಒತ್ತಿದರೆ ಇಳಿಯಬೇಕು, ಅಲ್ಲಾಡಿಸಿದರೆ ಅಲ್ಲಾಡಬಾರದು. ನನ್ನ ಮಷಿನ್‌ಗೆ 6.10 ಸರಿಹೋಯಿತು, ನಿಮ್ಮದಕ್ಕೆ ಬೇರೆ ಇರಬಹುದು.

ಈಗ ಹಲಗೆ ಇಟ್ಟು ಕ್ಲಾಂಪ್ ಬಿಗಿ ಮಾಡಿ. ಮೊದಲ ಕಂತಿನಲ್ಲಿ ನಾಲ್ಕು ತೂತು. ವೈ 15ರ ಎರಡು ತೂತು ಹಲಗೆ ದಾಟಿ ವೇಸ್ಟ್ ಬೋರ್ಡ್‌ಗೆ 7 ಮಿಮೀ ಇಳಿಯಬೇಕು, ಒಟ್ಟು 19 ಆಳ. ವೈ 165ರ ಎರಡು ತೂತು ಹಲಗೆ ದಾಟಿದರೆ ಸಾಕು. ಒಂದು ಸುತ್ತಿಗೆ ಅರ್ಧ ಮಿಮೀ ಇಳಿಸಿ, ಅವಸರ ಬೇಡ. ಆಳದ ತೂತಿನಲ್ಲಿ ಪುಡಿ ತುಂಬಿಕೊಳ್ಳುತ್ತದೆ, ನಡುನಡುವೆ ನಿಲ್ಲಿಸಿ ವ್ಯಾಕ್ಯೂಮ್ ಹಿಡಿಯಿರಿ.

ಬಲಗಡೆಯ ತೂತುಗಳನ್ನು ಮಾತ್ರ ಹಲಗೆಯಲ್ಲಿ ಎಕ್ಸ್ ದಿಕ್ಕಿಗೆ 0.4 ಮಿಮೀ ಉದ್ದ ಮಾಡಿ, ಅಂಡಾಕಾರಕ್ಕೆ. ಇದು ಸೋಮಾರಿತನ ಅಲ್ಲ. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗಲ್ಲ, ಅಗಲಕ್ಕೆ ಹಿಗ್ಗುತ್ತದೆ. ಮಳೆಗಾಲದಲ್ಲಿ ಮಲೆನಾಡಿನವರಿಗೆ, ಕರಾವಳಿಯವರಿಗೆ ಬಾಗಿಲು ಹಿಡಿದುಕೊಳ್ಳುವ ಕಥೆ ಗೊತ್ತೇ ಇದೆಯಲ್ಲ, ಅದೇ ಇದು. ಎರಡೂ ತೂತು ಬಿಗಿಯಾಗಿದ್ದು ಮರ ಚೂರು ಹಿಗ್ಗಿದರೆ ಎರಡನೇ ಪಿನ್ ಕೂರುವುದೇ ಇಲ್ಲ. ಎಡಪಿನ್ ಜಾಗ ಹಿಡಿಯುತ್ತದೆ, ಬಲಪಿನ್ ತಿರುಗದಂತೆ ತಡೆಯುತ್ತದೆ. ಬಲಪಿನ್ನಿನ ಕೆಲಸ ಅಷ್ಟೇ, ಅದಕ್ಕೆ ವೈ ದಿಕ್ಕಿನ ಬಿಗಿ ಸಾಕು. ವೇಸ್ಟ್ ಬೋರ್ಡಿನ ತೂತು ಮಾತ್ರ ದುಂಡಗೇ ಇರಲಿ.

ಹಲಗೆ ಎತ್ತಿ, ಪಿನ್ನುಗಳನ್ನು ವೇಸ್ಟ್ ಬೋರ್ಡ್‌ಗೆ ತಟ್ಟಿ ಕೂರಿಸಿ. ಈಗ ಹಲಗೆಯ 165ರ ತೂತುಗಳು ಪಿನ್ನಿಗೆ ಬರುವಂತೆ ಇಟ್ಟರೆ ಎರಡನೇ ಕಂತು. ಮತ್ತೆ ಮಷಿನ್ನಿನ 165ರಲ್ಲಿ ಎರಡು ತೂತು, ಅಂದರೆ ಹಲಗೆಯ ಲೆಕ್ಕದಲ್ಲಿ 315. ಮತ್ತೆ ಎಳೆಯಿರಿ, 465. ಒಟ್ಟು ಎಂಟು ತೂತು. ಇಷ್ಟಾದರೆ ಹಲಗೆಯನ್ನು ಯಾವ ಕಂತಿಗೆ ಬೇಕಾದರೂ, ಎಷ್ಟು ಸಲ ಬೇಕಾದರೂ ವಾಪಸ್ ಕೂರಿಸಬಹುದು. ಒಂದು ಅಕ್ಷರ ಆಳ ಸಾಲದು ಅನ್ನಿಸಿದರೆ ನಾಳೆ ಮತ್ತೆ ಇಟ್ಟು ಕೊರೆಯಬಹುದು. ಟೇಪಿನಲ್ಲಿ ಇದು ಕನಸಲ್ಲೂ ಆಗದ ಮಾತು.

ಕೂರಿಸುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಕ್ಲಾಂಪ್ ಬಿಗಿಯುವ ಮೊದಲು ಹಲಗೆಯನ್ನು ಪ್ರತಿ ಸಲವೂ ಒಂದೇ ಕಡೆಗೆ ಎಳೆದು ಹಿಡಿಯಿರಿ. ನಾನು ನನ್ನ ಕಡೆಗೆ ಮತ್ತು ಎಡಕ್ಕೆ ಎಳೆಯುತ್ತೇನೆ. ಪಿನ್ನಿಗೂ ತೂತಿಗೂ ನಡುವೆ ಎಷ್ಟು ಬಿಗಿ ಅಂದರೂ ಕೂದಲೆಳೆ ಸಡಿಲ ಇರುತ್ತದೆ. ಎಡಪಿನ್ 0.1 ಹಿಂದೆ, ಬಲಪಿನ್ 0.1 ಮುಂದೆ ಕೂತರೆ, ಕಂತಿನ ಆ ತುದಿಯಲ್ಲಿ ಅದು 0.13 ಮಿಮೀ ಪಕ್ಕಕ್ಕೆ ಸರಿದಿರುತ್ತದೆ. ಮುಂದಿನ ಕಂತಿನಲ್ಲಿ ಇನ್ನಷ್ಟು. ಒಂದೇ ಕಡೆಗೆ ಎಳೆದರೆ ಸಡಿಲವೂ ಒಂದೇ ಕಡೆಗೆ ಹೋಗುತ್ತದೆ, ಹಲಗೆ ತಿರುಗಲ್ಲ.

ಇನ್ನೊಂದು ಶತ್ರು ಮರದ ಪುಡಿ. ಹಲಗೆ ಕೆಳಗೆ ಒಂದು ಚೂರು ಸಿಕ್ಕಿಕೊಂಡರೂ ಎತ್ತರ ಕೆಡುತ್ತದೆ. ಪ್ರತಿ ಸಲ ಬ್ರಷ್ ಆಡಿಸಿ, ಅಂಗೈಯಿಂದ ಸವರಿ ನೋಡಿ. ಕಣ್ಣಿಗೆ ಕಾಣದ್ದು ಅಂಗೈಗೆ ಗೊತ್ತಾಗುತ್ತದೆ.

ಸೊನ್ನೆ ಜರುಗಿಸುವುದು, ಕರೆಂಟ್ ಹೋಗುವುದು

ಹಲಗೆ 150 ಮುಂದೆ ಬಂತು. ಆದರೆ ಮಷಿನ್‌ಗೆ ಅದು ಗೊತ್ತಿಲ್ಲವಲ್ಲ. ಎರಡನೇ ಕಂತಿನ ಫೈಲ್ ಹಲಗೆಯ 165ರಿಂದ 315ರವರೆಗೆ ಹೋಗು ಅನ್ನುತ್ತದೆ. ಸೊನ್ನೆ ಎಲ್ಲಿದೆ ಅಂತ ನಾವೇ ಹೇಳಬೇಕು.

ಮೊದಲ ಕಂತಿನ ಸೊನ್ನೆ ಹಿಡಿದ ಮೇಲೆ, ಹಲಗೆಯ ಎಡಗಡೆ ಖಾಲಿ ಉಳಿದ ವೇಸ್ಟ್ ಬೋರ್ಡ್ ಮೇಲೆ, ಎಕ್ಸ್ -15, ವೈ 15ರಲ್ಲಿ ವಿ-ಬಿಟ್‌ನಿಂದ (ಅಕ್ಷರ ಕೊರೆಯುವ ಚೂಪು ತುದಿಯ ಬಿಟ್) ಅರ್ಧ ಮಿಮೀ ಆಳದ ಒಂದು ಗುಳಿ ಮಾಡಿ. ಅಷ್ಟು ಕೆಳಕ್ಕೆ ಇಳಿಯುವಾಗ ಕೊಲೆಟ್ ನಟ್ ಹಲಗೆಗೆ ತಾಗದಂತೆ ಬಿಟ್ 20 ಮಿಮೀಯಾದರೂ ಹೊರಗಿರಲಿ. ಇದು ನಿಮ್ಮ ಮೈಲುಗಲ್ಲು.

ಮೊದಲ ಕಂತು ಮುಗಿಯಿತು. ಬಿಟ್ ಮೇಲೆತ್ತಿ, ಎಕ್ಸ್ -15, ವೈ 15ಕ್ಕೆ ಕಳಿಸಿ. ಮೆಲ್ಲಗೆ ಇಳಿಸಿ ನೋಡಿ. ತುದಿ ಸರಿಯಾಗಿ ಗುಳಿಯ ಮೇಲೆ ನಿಂತರೆ ನಡುವೆ ಎಲ್ಲೂ ಮೋಟರ್ ಸ್ಟೆಪ್ ತಪ್ಪಿಲ್ಲ, ಹೇಳಿದಷ್ಟೇ ಓಡಿದೆ ಅಂತ ಅರ್ಥ. ನಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ, ಮುಂದೆ ಹೋಗಬೇಡಿ. ಸರಿ ಇದ್ದರೆ ಸಾಫ್ಟ್‌ವೇರ್‌ನ ಕಮಾಂಡ್ ಜಾಗದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಇದನ್ನು ಟೈಪ್ ಮಾಡಿ: ಜಿ10 ಎಲ್20 ಪಿ1 ಎಕ್ಸ್-15 ವೈ165. ಜಿಆರ್‌ಬಿಎಲ್ (ಮಷಿನ್ ಓಡಿಸುವ ಒಳಗಿನ ಸಾಫ್ಟ್‌ವೇರ್) ಇರುವ ಮಷಿನ್‌ಗೆ ಇದರ ಅರ್ಥ ಇಷ್ಟೇ: "ನೀನು ಈಗ ನಿಂತಿರುವ ಜಾಗಕ್ಕೆ ಇನ್ನು ಮೇಲೆ ವೈ 165 ಅಂತ ಹೆಸರು." ಬಿಟ್ ಅಲುಗುವುದಿಲ್ಲ, ಹೆಸರು ಮಾತ್ರ ಬದಲಾಗುತ್ತದೆ. ಮೂರನೇ ಕಂತಿಗೆ ಅದೇ ಗುಳಿ 315, ನಾಲ್ಕನೆಯದಕ್ಕೆ 465. ಡ್ರಾಯಿಂಗ್ ಜರುಗಿಸಬೇಡಿ ಅಂದದ್ದು ಇದಕ್ಕೇ. ಝಡ್ (ಬಿಟ್‌ನ ಎತ್ತರ) ಬಗ್ಗೆ ಏನೂ ಹೇಳದಿದ್ದರೆ ಅದು ಇದ್ದ ಹಾಗೇ ಇರುತ್ತದೆ, ನಮಗೆ ಬೇಕಾದದ್ದೂ ಅದೇ.

ಫೈಲಿನ ಮೇಲ್ಗಡೆ ಜಿ54 ಅಂತ ಇದೆಯಾ ಅಂತ ಒಮ್ಮೆ ನೋಡಿ. ಪಿ1 ಅಂದರೆ ಜಿ54, ಮಷಿನ್ ನೆನಪಿಡುವ ಸೊನ್ನೆಗಳಲ್ಲಿ ಮೊದಲನೆಯದು. ಫೈಲಿನಲ್ಲಿ ಜಿ55 ಇದ್ದರೆ ನೀವು ಇಟ್ಟ ಹೆಸರು ಅದಕ್ಕೆ ಕೇಳಿಸುವುದಿಲ್ಲ.

ಕರೆಂಟ್ ಹೋದರೆ? ನಮ್ಮ ಏರಿಯಾದಲ್ಲಿ ಹೋದರೆ ಅಲ್ಲ, ಹೋದಾಗ. ಲಿಮಿಟ್ ಸ್ವಿಚ್ (ಓಡಾಟದ ಕೊನೆ ತಿಳಿಸುವ ಸ್ವಿಚ್) ಇಲ್ಲದ ಮಷಿನ್ ಕರೆಂಟ್ ವಾಪಸ್ ಬಂದಾಗ ತಾನು ಎಲ್ಲಿದ್ದೇನೆ ಅನ್ನುವುದನ್ನೇ ಮರೆತಿರುತ್ತದೆ. ಆಗ ಈ ಗುಳಿಯೇ ದಿಕ್ಕು. ಬಿಟ್ ತುದಿಯನ್ನು ಕೈಯಾರೆ ಗುಳಿಗೆ ತಂದು, ಆ ಕಂತಿನ ಹೆಸರು ಮತ್ತೆ ಟೈಪ್ ಮಾಡಿ, ಝಡ್ ಹೊಸದಾಗಿ ಹಿಡಿಯಿರಿ. ಮೊಬೈಲ್ ಕ್ಯಾಮರಾ ಜೂಮ್ ಮಾಡಿ ಎರಡು ಕಡೆಯಿಂದ ನೋಡಿದರೆ 0.1 ಮಿಮೀ ಹತ್ತಿರಕ್ಕೆ ಬರಬಹುದು.

ಎತ್ತರ ಮತ್ತು ಆಸರೆ

ವಿ-ಬಿಟ್‌ನಲ್ಲಿ ಕೊರೆಯುವಾಗ ಆಳ ಹೆಚ್ಚಾದಂತೆ ಗೆರೆ ದಪ್ಪ ಆಗುತ್ತದೆ. 90 ಡಿಗ್ರಿ ಬಿಟ್‌ಗೆ ಎತ್ತರದಲ್ಲಿ 0.2 ವ್ಯತ್ಯಾಸ ಬಂದರೆ ಗೆರೆಯ ದಪ್ಪದಲ್ಲಿ 0.4. 60 ಡಿಗ್ರಿ ಬಿಟ್‌ಗೆ 0.23. ಅಂದರೆ 'ದಾ' ತೆಳ್ಳಗೆ, 'ವ' ದಪ್ಪಗೆ. ಹಾಗಾಗಿ ಉದ್ದನೆಯ ಬೋರ್ಡ್‌ಗೆ 60 ಡಿಗ್ರಿಯದೇ ಒಳ್ಳೆಯದು. ಬಡಗಿಯ ಹತ್ತಿರ ಹಲಗೆಯನ್ನು ಪ್ಲೇನರ್‌ಗೆ ಹಾಕಿಸಿ ಒಂದೇ ದಪ್ಪ ಮಾಡಿಸಿಕೊಂಡು ಬನ್ನಿ. ಐದು ನಿಮಿಷದ ಕೆಲಸ. ಕೊರೆತದ ಸುತ್ತು ಪೂರ್ತಿ ಅದೇ ಬಿಟ್, ಕೊಲೆಟ್ ಮುಟ್ಟಬೇಡಿ.

ಆಸರೆ ಇಲ್ಲದೆ ಇದೆಲ್ಲ ವ್ಯರ್ಥ. ಈ ಅಳತೆಯ ಸಾಗುವಾನಿ ಹಲಗೆ ಸುಮಾರು 1.3 ಕೆಜಿ ತೂಗುತ್ತದೆ. ಮೊದಲ ಕಂತಿನಲ್ಲಿ ಅದರ 480 ಮಿಮೀ ಬೆಡ್ಡಿನ ಹಿಂದೆ ಗಾಳಿಯಲ್ಲಿ ನೇತಾಡುತ್ತಿರುತ್ತದೆ. 3018ರ ಬೆಡ್ ಕೂತಿರುವುದು ಎರಡು ತೆಳು ಕಂಬಿಗಳ ಮೇಲೆ. ಹಿಂದೆ ತೂಗಿದರೆ ಮುಂದೆ ಏಳುತ್ತದೆ. ಬರೀ ಮರದ ದಿಮ್ಮಿ ಇಟ್ಟರೆ ಸಾಲದು, ಬೆಡ್ ಜೊತೆ ಹಲಗೆಯೂ ಓಡಾಡುತ್ತದಲ್ಲ. ನಾನು ಮಾಡಿದ್ದು: ಪಿವಿಸಿ ಪೈಪಿನ ತುಂಡನ್ನು ಕಬ್ಬಿಣದ ಸರಳಿಗೆ ತೂರಿಸಿ ಉರುಳುವ ಹಾಗೆ ಮಾಡಿ, ಹಿಂದೆ ಒಂದು ಮುಂದೆ ಒಂದು ಇಟ್ಟೆ. ಎತ್ತರ ವೇಸ್ಟ್ ಬೋರ್ಡಿನ ಮೇಲ್ಮೈಗೆ ಸಮ ಇರಬೇಕು. ಎತ್ತರ ಸರಿಮಾಡಲು ಹಳೆಯ ಲಗ್ನಪತ್ರಿಕೆಗಳಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ, ಒಂದೊಂದೇ ತುರುಕುತ್ತಾ ಹೋಗಬಹುದು. ಹಿಂದೆ ಮುಂದೆ ಎರಡೂ ಕಡೆ 700 ಮಿಮೀ ಜಾಗ ಖಾಲಿ ಇರಲಿ. ಗೋಡೆಗೆ ಒತ್ತಿಟ್ಟ ಮಷಿನ್ ಆದರೆ ಹಲಗೆ ಗೋಡೆಗೆ ಗುದ್ದಿ ಸ್ಟೆಪ್ ತಪ್ಪುತ್ತದೆ. ಅದೂ ಆಗಿದೆ ನನಗೆ.

ಒಳ್ಳೆ ಮರಕ್ಕೆ ಮೊದಲು ಪ್ಲಸ್ ಪರೀಕ್ಷೆ

ಸಾಗುವಾನಿ ಮುಟ್ಟುವ ಮೊದಲು ಅದೇ ಅಳತೆಯ ಎಂಡಿಎಫ್ ಪಟ್ಟಿಯಲ್ಲಿ ಇಷ್ಟನ್ನೂ ಒಮ್ಮೆ ಮಾಡಿ. ಅಕ್ಷರ ಬೇಡ. ಪ್ರತಿ ಸೇರುವೆಯ ಗೆರೆಯ ಮೇಲೆ ಎಡಕ್ಕೊಂದು ಬಲಕ್ಕೊಂದು ಪ್ಲಸ್ ಗುರುತು, 0.2 ಮಿಮೀ ಆಳ ಮಾತ್ರ. ಮೊದಲ ಕಂತಿನಲ್ಲಿ ವೈ 165ರಲ್ಲಿ ಕೊರೆಯಿರಿ. ಹಲಗೆ ಜರುಗಿಸಿ, ಹೆಸರು ಬದಲಿಸಿ, ಅದೇ 165ರ ಪ್ಲಸ್ ಅನ್ನು ಎರಡನೇ ಕಂತಿನಲ್ಲೂ ಮತ್ತೆ ಕೊರೆಯಿರಿ. ಒಂದರ ಮೇಲೊಂದು ಬಿದ್ದು ಒಂದೇ ಪ್ಲಸ್ ಕಂಡರೆ ಗೆದ್ದಿರಿ.

ಎರಡು ಕಂಡರೆ ಸುಮ್ನೆ ಬೇಸರ ಬೇಡ, ಅದು ಏನೋ ಹೇಳುತ್ತಿದೆ. ಎಡ ಬಲ ಎರಡರಲ್ಲೂ ಒಂದೇ ಕಡೆಗೆ, ಒಂದೇ ಅಳತೆ ಸರಿದಿದ್ದರೆ ಪಿನ್ನಿನ ಸಡಿಲ. ಪ್ರತಿ ಸಲ ಅಷ್ಟೇ ಬರುತ್ತಿದ್ದರೆ 165ರ ಬದಲು 165.1 ಅಂತ ಹೆಸರಿಟ್ಟು ಸರಿಮಾಡಬಹುದು, ಯಾವ ಕಡೆಗೆ ಅಂತ ಒಮ್ಮೆ ಪ್ರಯತ್ನಿಸಿ ನೋಡಿ. ಎಡದ ಪ್ಲಸ್ ಸರಿ ಇದ್ದು ಬಲದ್ದು ಮಾತ್ರ ಹಿಂದೆ ಮುಂದೆ ಆಗಿದ್ದರೆ ಹಲಗೆ ತಿರುಗಿದೆ. ತೂತಿನಲ್ಲಿ ಪುಡಿ ಇದೆಯಾ, ಬಲಪಿನ್ ಅಲ್ಲಾಡುತ್ತಿದೆಯಾ ನೋಡಿ. ಇದನ್ನು ಅಂಕಿಯಿಂದ ಸರಿಮಾಡಲಾಗದು. ಒಂದು ಸಲ ಹೀಗೆ, ಒಂದು ಸಲ ಹಾಗೆ ಬಂದರೆ ವೇಸ್ಟ್ ಬೋರ್ಡ್ ಸ್ಕ್ರೂ ಸಡಿಲ ಇರುತ್ತದೆ, ಅಥವಾ ಆಸರೆ ಎತ್ತರ ಸರಿ ಇರಲ್ಲ.

ನನ್ನ ಪ್ಲಸ್‌ಗಳಲ್ಲಿ ಒಂದು ಮಾತ್ರ ಕೊಂಚ ದಪ್ಪಗೆ ಕಂಡಿತು, ಮೂರನೇ ಸೇರುವೆಯ ಬಲಗಡೆಯದು. ಉಗುರು ಆಡಿಸಿದರೆ ತಗುಲಲಿಲ್ಲ. ಅಷ್ಟಕ್ಕೆ ಬಿಟ್ಟೆ.

ಕೊರೆತ ಎಲ್ಲ ಮುಗಿದ ಮೇಲೆ ಬೋರ್ಡಿನ ಹೊರ ಅಂಚನ್ನು ಮಷಿನ್ನಿನಲ್ಲೇ ಕತ್ತರಿಸುವ ಆಸೆ ಬೇಡ. ನಾಲ್ಕು ಕಂತಿನಲ್ಲಿ 12 ಮಿಮೀ ಆಳ ಇಳಿಸುತ್ತಾ ಕೂತರೆ ಸಂಜೆಯಾಗುತ್ತದೆ, ಮೇಲಾಗಿ ಅಂಚು ಹೋದರೆ ಪಿನ್ ತೂತೂ ಹೋಯಿತು. ಮೊದಲು ಹಲಗೆಯನ್ನು ಬಿಸಿಲಿಗೆ ಹಿಡಿದು ಎಲ್ಲ ಅಕ್ಷರ ನೋಡಿ, ತಿದ್ದುವುದು ಏನಾದರೂ ಇದ್ದರೆ ಪಿನ್ನಿಗೆ ವಾಪಸ್ ಇಟ್ಟು ತಿದ್ದಿ. ಪೂರ್ತಿ ತೃಪ್ತಿಯಾದ ಮೇಲೆ ಬಡಗಿಯ ಟೇಬಲ್ ಗರಗಸದಲ್ಲಿ ನಾಲ್ಕೂ ಕಡೆ ನೆಟ್ಟಗೆ ಹೊಡೆಸಿ. ಪಿನ್ನು ನಿಂತಿರುವ ವೇಸ್ಟ್ ಬೋರ್ಡನ್ನು ಬಿಚ್ಚಬೇಡಿ. ಮುಂದಿನ ಬೋರ್ಡ್‌ಗೆ ಅದೇ ಸಾಕು. ನನ್ನದರಲ್ಲಿ ಈಗ ಅಕ್ಕನ ಮನೆಯ 'ಶ್ರೀನಿವಾಸ' ಕೂತಿದೆ, ಮೊದಲ ಕಂತಿನಲ್ಲೇ ಒತ್ತಕ್ಷರ.